ಚಾವಣಿಯ ನೆತ್ತಿ, ಮುಕ್ಕೋನ ಗೋಡೆ: ತಪ್ಪು ಕಲ್ಪನೆ ಮತ್ತು ಸತ್ಯ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಮನೆ ಎಂದರೆ ಮಾಳಿಗೆ ಮನೆ. ತೊಲೆ, ಜಂತಿ ಹಾಸಿ ಮಣ್ಣು ಮೆತ್ತುತ್ತಿದ್ದ ಕಾಲ ಹೋಗಿ ಆರ್‌ಸಿಸಿ ಬಂದರೂ ಚಾವಣಿ ಮಟ್ಟಸವಾಗಿಯೇ ಉಳಿಯಿತು. ಈಗ ತೋಟದ ಮನೆಗೋ ಮಹಡಿಯ ಮೇಲಿನ ಕೋಣೆಗೋ ಹಂಚಿನ ಇಳಿಜಾರು ಚಾವಣಿ ಬೇಕೆನ್ನುವವರು ಸ್ಕೆಚ್‌ಅಪ್, ರೆವಿಟ್, ಸ್ವೀಟ್ ಹೋಮ್ 3ಡಿಯಂಥ ತಂತ್ರಾಂಶಗಳಲ್ಲಿ ಮೊದಲು ಮಾದರಿ ಮಾಡಿಕೊಳ್ಳುತ್ತಾರೆ. ಕಟ್ಟಿ ಕಂಡ ಅನುಭವ ಕಡಿಮೆಯಿರುವ ಕಡೆ ಪರದೆಯ ಚಿತ್ರವನ್ನೇ ನಂಬಿ ಮುಂದುವರಿಯುವ ಅಪಾಯ ಹೆಚ್ಚು. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನೆತ್ತಿಯ, ಅಂದರೆ ಎರಡು ಇಳಿಜಾರು ಕೂಡುವ ಮೇಲಂಚಿನ, ಎತ್ತರವನ್ನು ನಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು.

ಸತ್ಯ: ಮನೆಯ ಅಗಲ ಮತ್ತು ಇಳಿಜಾರಿನ ಕೋನ ಗೊತ್ತಾದರೆ ನೆತ್ತಿಯ ಎತ್ತರ ತಾನಾಗಿ ನಿರ್ಧಾರವಾಗುತ್ತದೆ. 6 ಮೀಟರ್ ಅಗಲದ ಮನೆಗೆ ಎರಡೂ ಕಡೆ 30 ಡಿಗ್ರಿ ಇಳಿಜಾರು ಕೊಟ್ಟರೆ, ನೆತ್ತಿ ಗೋಡೆಯ ತಲೆಯಿಂದ ಸುಮಾರು 1.73 ಮೀಟರ್ ಮೇಲಿರುತ್ತದೆ. ಎತ್ತರವನ್ನು ಬದಲಿಸಿದರೆ ಕೋನವೂ ಬದಲಾಗುತ್ತದೆ. ಹಂಚು ನೀರು ಸೋರದಂತೆ ಕೂರಲು ಅದಕ್ಕೆ ತಕ್ಕ ಇಳಿಜಾರು ಬೇಕು. ಆದ್ದರಿಂದ ಮೊದಲು ಹೊದಿಕೆ, ಆಮೇಲೆ ಕೋನ, ಕೊನೆಗೆ ಎತ್ತರ. ಸೂರನ್ನು ಗೋಡೆಯಿಂದ 60 ಸೆಂಟಿಮೀಟರ್ ಹೊರಚಾಚಿದರೆ ಅದರ ಅಂಚು ಅದೇ ಕೋನದಲ್ಲಿ ಸುಮಾರು 35 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಕಿಟಕಿಯ ಮೇಲಂಚಿಗೆ ಅದು ಅಡ್ಡಬರುತ್ತದೆಯೇ ಎಂಬುದನ್ನು ಮಾದರಿಯಲ್ಲೇ ನೋಡಿಕೊಳ್ಳಬೇಕು.

ತಪ್ಪು ಕಲ್ಪನೆ: ನೆತ್ತಿ ಯಾವಾಗಲೂ ನಟ್ಟನಡುವೆಯೇ ಇರುತ್ತದೆ.

ಸತ್ಯ: ಎರಡೂ ಇಳಿಜಾರು ಸಮವಾಗಿದ್ದು, ಗೋಡೆಗಳ ಎತ್ತರವೂ ಸಮವಾಗಿದ್ದರೆ ಮಾತ್ರ ಈ ಮಾತು ನಿಜ. ಅದೇ 6 ಮೀಟರ್ ಮನೆಗೆ ಒಂದು ಕಡೆ 45, ಇನ್ನೊಂದು ಕಡೆ 30 ಡಿಗ್ರಿ ಕೊಟ್ಟು ನೋಡಿ: ನೆತ್ತಿ ಕಡಿದಾದ ಬದಿಗೆ ಸರಿದು, ಆ ಗೋಡೆಯಿಂದ ಸುಮಾರು 2.2 ಮೀಟರ್ ದೂರದಲ್ಲಿ ನಿಲ್ಲುತ್ತದೆ.

ತಪ್ಪು ಕಲ್ಪನೆ: ಚಾವಣಿ ಹಾಕಿದರೆ ತುದಿಯ ಮುಕ್ಕೋನದ ಗೋಡೆಯನ್ನು (ಗೇಬಲ್) ತಂತ್ರಾಂಶವೇ ಎಬ್ಬಿಸುತ್ತದೆ.

ಸತ್ಯ: ನಾವು ಹೇಳದ ಹೊರತು ಅದು ಎಬ್ಬಿಸುವುದಿಲ್ಲ. ರೆವಿಟ್‌ನಲ್ಲಿ ನಾಲ್ಕೂ ಅಂಚುಗಳಿಗೆ ಇಳಿಜಾರು ಕೊಟ್ಟರೆ ನಾಲ್ಕೂ ಕಡೆ ಇಳಿಯುವ ಚಾವಣಿ ಬರುತ್ತದೆ. ಗೇಬಲ್ ಬೇಕಾದ ಅಂಚಿನ ಇಳಿಜಾರನ್ನು ತೆಗೆದು, ಆ ಗೋಡೆಯ ತಲೆಯನ್ನು ಚಾವಣಿಗೆ ಜೋಡಿಸಬೇಕು. ಜೋಡಿಸದಿದ್ದರೆ ಗೋಡೆ ಮಟ್ಟಸವಾಗಿ ನಿಂತು ಮೇಲೆ ಮುಕ್ಕೋನದ ತೆರಪು ಉಳಿಯುತ್ತದೆ. ಸ್ವೀಟ್ ಹೋಮ್ 3ಡಿಯಲ್ಲಿ ಗೋಡೆಯ ಎರಡು ತುದಿಗಳಿಗೆ ಬೇರೆ ಬೇರೆ ಎತ್ತರ ಕೊಡಬಹುದು. ಹೀಗೆ ಓರೆಯಾದ ಎರಡು ಗೋಡೆಗಳು ನಡುವೆ ಕೂಡಿದರೆ ಮುಕ್ಕೋನ ಸಿದ್ಧ.

ತಪ್ಪು ಕಲ್ಪನೆ: ನೆತ್ತಿಯ ಮರವೇ ಚಾವಣಿಯ ಭಾರವನ್ನೆಲ್ಲ ಹೊರುತ್ತದೆ.

ಸತ್ಯ: ನೆತ್ತಿಯ ಮರ ಎರಡು ಬಗೆಯಲ್ಲಿ ಕೆಲಸ ಮಾಡಬಹುದು, ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಗೋಡೆ ಇಲ್ಲವೆ ಕಂಬದ ಮೇಲೆ ಕೂತ ದಪ್ಪ ತೊಲೆಯಾಗಿದ್ದರೆ ಅದು ಚಾವಣಿಯ ಸುಮಾರು ಅರ್ಧ ಭಾರವನ್ನು ಹೊತ್ತು ಎರಡು ತುದಿಗಳಿಗೆ ಸಾಗಿಸುತ್ತದೆ. ಉಳಿದರ್ಧ ಪಕ್ಕದ ಗೋಡೆಗಳಿಗೆ ಇಳಿಯುತ್ತದೆ. ಹಾಗಿದ್ದಾಗ ನೆತ್ತಿಯ ನೇರ ಕೆಳಗೆ ಅಗಲದ ಕಿಟಕಿ ಬಿಡಿಸಿದರೆ ಆ ಭಾರಕ್ಕೆ ಆಧಾರವೇ ಇಲ್ಲದಂತಾಗುತ್ತದೆ. ಎರಡನೆಯ ಬಗೆಯಲ್ಲಿ ಅದು ರಾಫ್ಟರ್‌ಗಳನ್ನು (ಇಳಿಜಾರಿನ ಓರೆ ಮರಗಳನ್ನು) ಕೂಡಿಸುವ ಹಲಗೆ ಮಾತ್ರ. ರಾಫ್ಟರ್‌ಗಳು ಒಂದಕ್ಕೊಂದು ಒರಗಿ ನಿಂತು, ಬುಡದಲ್ಲಿ ಗೋಡೆಗಳನ್ನು ಹೊರಕ್ಕೆ ದಬ್ಬುತ್ತವೆ. ಆ ದಬ್ಬಾಟ ತಡೆಯಲು ಗೋಡೆಯ ತಲೆಯ ಮಟ್ಟದಲ್ಲಿ ಅಡ್ಡಪಟ್ಟಿ ಬೇಕೇ ಬೇಕು. ಒಳಗೆ ಎತ್ತರವಾಗಿ ಕಾಣಲೆಂದು ಮಾದರಿಯಿಂದ ಅದನ್ನು ಅಳಿಸಿದರೆ ಚಿತ್ರ ಕೆಡುವುದಿಲ್ಲ. ಕಟ್ಟಿದ ಮನೆಯಲ್ಲಿ ಮಾತ್ರ ನೆತ್ತಿ ಕುಸಿದು ಗೋಡೆ ಉಬ್ಬುತ್ತದೆ.

ತಪ್ಪು ಕಲ್ಪನೆ: ಮುಕ್ಕೋನದ ಗೋಡೆ ಅಂದಕ್ಕಷ್ಟೇ, ಇಟ್ಟಿಗೆ ಕಟ್ಟಿ ಮುಗಿಸಿದರೆ ಸಾಕು.

ಸತ್ಯ: ಎತ್ತರದ ಈ ಇಟ್ಟಿಗೆ ಮುಕ್ಕೋನ ಅಡ್ಡ ಬಲಕ್ಕೆ ಸೋಲುವ ಭಾಗ. ಭೂಕಂಪ ತಾಳುವ ಕಟ್ಟಡಗಳ ಕುರಿತ ಐಎಸ್ 4326 ಸಂಹಿತೆ ಗೇಬಲ್‌ನ ಓರೆ ಅಂಚಿನುದ್ದಕ್ಕೂ ಬ್ಯಾಂಡ್ (ಬಿಗಿಪಟ್ಟಿ) ಹಾಕಿ, ಅದನ್ನು ಸೂರಿನ ಮಟ್ಟದ ಬ್ಯಾಂಡ್‌ಗೆ ಬೆಸೆಯುವ ಕ್ರಮ ಹೇಳುತ್ತದೆ. ಬಳ್ಳಾರಿಯಲ್ಲಿ ಭೂಕಂಪದ ಅಪಾಯ ಕಡಿಮೆ ನಿಜ, ಆದರೆ ಬಿರುಗಾಳಿ ಇಲ್ಲಿಯೂ ಬೀಸುತ್ತದೆ.

ತಪ್ಪು ಕಲ್ಪನೆ: ಹಳೆಯ ಮನೆಯೊಂದರ 3ಡಿ ಮಾದರಿ ಇದೆಯೆಂದರೆ ಆ ಮನೆ ಹಾಗೆಯೇ ಇತ್ತು.

ಸತ್ಯ: ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳ ಮೇಲೆ ಸುಮಾರು 3,500 ವರ್ಷಗಳ ಹಿಂದೆ ನವಶಿಲಾಯುಗದ ಜನ ದುಂಡನೆಯ ಗುಡಿಸಲುಗಳಲ್ಲಿ ಬದುಕಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಆಮೇಲೆ ಬೇರೆ ವಿದ್ವಾಂಸರೂ ಅದನ್ನು ಮುಂದುವರಿಸಿದರು. ಕಲ್ಲಿನ ಸುತ್ತುಗಳು ಉಳಿದವು, ಹುಲ್ಲು ಮತ್ತು ಕಟ್ಟಿಗೆ ಮಣ್ಣಾದವು. ಅವುಗಳ ಮೇಲೆ ಕಂಪ್ಯೂಟರಿನಲ್ಲಿ ಕೂರಿಸುವ ಚಾವಣಿ ವಿದ್ವಾಂಸರ ಊಹೆಯೇ ಹೊರತು ಕಣ್ಣಾರೆ ಕಂಡದ್ದಲ್ಲ. ಸುತ್ತಲೂ ಇಳಿಯುವ ದುಂಡು ಹುಲ್ಲುಮಾಡಿಗೆ ಒಂದು ತುದಿ ಇರುತ್ತದೆ, ಉದ್ದನೆಯ ನೆತ್ತಿಯಾಗಲಿ ಗೇಬಲ್ ಗೋಡೆಯಾಗಲಿ ಇರುವುದಿಲ್ಲ. ಅದಕ್ಕೆ ಗೇಬಲ್ ಚಾವಣಿಯ ಸಿದ್ಧ ಮಾದರಿ ತಂದು ಹೊದಿಸಿದರೆ ಚರಿತ್ರೆಗೇ ಅಪಚಾರ.

ಹೊಸ ಮನೆಯ ಮಾದರಿಗೂ ಇದೇ ಎಚ್ಚರ ಬೇಕು. ಮೇಸ್ತ್ರಿಗೆ ಬಣ್ಣದ ಚಿತ್ರವೊಂದನ್ನೇ ಕೊಡದೆ, ನೆತ್ತಿಯನ್ನು ಅಡ್ಡಲಾಗಿ ಕೊಯ್ದ ಸೆಕ್ಷನ್ ನಕ್ಷೆಯನ್ನೂ ಕೊಡಿ. ನೆತ್ತಿಯ ಮರ ತೊಲೆಯೋ ಹಲಗೆಯೋ, ಅದರ ಭಾರ ಯಾವ ಗೋಡೆಗೆ ಇಳಿಯುತ್ತದೆ, ದಬ್ಬಾಟವನ್ನು ಯಾವುದು ತಡೆಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿ. ಆ ಉತ್ತರಗಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಮೇಲೆಯೇ ಪಾಯ ತೆಗೆಯಿರಿ.