ಮರೆವಿನ ರೋಗವೂ ವಂಶವಾಹಿಯೂ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನಾಡಿ ನಾವು ಹಿರಿಯರ ಮರೆವನ್ನು ನಕ್ಕು ತಳ್ಳಿಹಾಕುತ್ತ ಬಂದಿದ್ದೇವೆ. ಆದರೆ ಉಂಡುದನ್ನು ಮರೆತು ಮತ್ತೆ ಊಟ ಬೇಡುವ, ಹೆತ್ತ ಮಗಳನ್ನೇ ಯಾರೆಂದು ಕೇಳುವ ಸ್ಥಿತಿಯು ಮುಪ್ಪಿನ ಸಹಜ ಧರ್ಮವಲ್ಲ. ಅದು ಮಿದುಳಿನ ರೋಗ. 1906ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ವೈದ್ಯ ಆಲ್ಝೈಮರ್ ಅವರ ಹೆಸರೇ ಅದಕ್ಕೆ ಬಂದಿದೆ. ಅಂತಹ ಹಿರಿಯರಿರುವ ಮನೆಯ ಮಕ್ಕಳಲ್ಲಿ ಒಂದು ಅಂಜಿಕೆ ಇದ್ದೇ ಇರುತ್ತದೆ: ನಾಳೆ ನಮಗೂ ಹೀಗೆಯೇ?

ಈ ಪ್ರಶ್ನೆಯನ್ನು ಅತ್ಯಂತ ಕಠೋರವಾಗಿ ಎದುರಿಸಿದವರು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತದ ಕೆಲವು ಮನೆತನಗಳವರು. ನರರೋಗತಜ್ಞ ಫ್ರಾನ್ಸಿಸ್ಕೊ ಲೊಪೆರಾ ಅವರು 1980ರ ದಶಕದಿಂದ, 2024ರಲ್ಲಿ ತೀರಿಕೊಳ್ಳುವವರೆಗೂ, ಈ ಜನರ ಅಧ್ಯಯನವನ್ನು ಕೈಬಿಡಲಿಲ್ಲ. ದೋಷವಿದ್ದುದು 14ನೆಯ ವರ್ಣತಂತುವಿನ ಪ್ರೆಸೆನಿಲಿನ್-1 ಎಂಬ ವಂಶವಾಹಿಯಲ್ಲಿ. ಒಂದೇ ಒಂದು ಅಕ್ಷರದ ವ್ಯತ್ಯಾಸ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಸುಮಾರು 44ರ ವಯಸ್ಸಿಗೆ ಮರೆವು, 49ರ ಹೊತ್ತಿಗೆ ಬುದ್ಧಿಭ್ರಂಶ.

ಇದೇ ಕುಲದ ಒಬ್ಬ ತಾಯಿ ಆ ದೋಷವನ್ನು ಹೊತ್ತಿದ್ದರೂ ಎಪ್ಪತ್ತರವರೆಗೆ ನೆನಪನ್ನು ಉಳಿಸಿಕೊಂಡಿದ್ದರು! ಅವರ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಜಡವಸ್ತು ರಾಶಿಯಾಗಿ ತುಂಬಿದ್ದರೂ ನರಕೋಶಗಳನ್ನು ಕೆಡಿಸುವ ಟೌ ಎಂಬುದರ ಸಿಕ್ಕುಗಳು ಕಡಿಮೆಯಿದ್ದವು. ಅಪೊಇ ಎಂಬ ಮತ್ತೊಂದು ವಂಶವಾಹಿಯ 'ಕ್ರೈಸ್ಟ್‌ಚರ್ಚ್' ಎಂಬ ಅಪರೂಪದ ಭೇದವು ಅವರಿಗೆ ತಂದೆತಾಯಿ ಇಬ್ಬರಿಂದಲೂ ದೊರೆತಿತ್ತೆಂದು 2019ರಲ್ಲಿ ಪ್ರಕಟವಾಯಿತು. ಅದನ್ನು ಒಬ್ಬರಿಂದ ಮಾತ್ರ ಪಡೆದ 27 ಜನರಲ್ಲಿಯೂ ರೋಗವು ಸುಮಾರು 5 ವರ್ಷ ತಡವಾಗಿ ಬಂದುದು 2024ರಲ್ಲಿ ತಿಳಿದುಬಂದಿತು. ಕೆಡಿಸುವುದೂ ಕಾಯುವುದೂ ಒಂದೇ ದೇಹದಲ್ಲಿ ಕೂಡಿರಬಲ್ಲವೆಂಬುದು ವಿಸ್ಮಯವೇ ಸರಿ.

ಇಂತಹ ಮನೆತನಗಳು ಜಗತ್ತಿನಲ್ಲಿ ತೀರ ವಿರಳ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು 65ರ ಅನಂತರದ ರೋಗ. ಅಪೊಇ ವಂಶವಾಹಿಯ 2, 3, 4 ಎಂಬ ಮೂರು ರೂಪಗಳಲ್ಲಿ ನಾಲ್ಕನೆಯದು ಅಪಾಯವನ್ನು ಹೆಚ್ಚಿಸುತ್ತದೆಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು, ಎರಡನೆಯದು ತಗ್ಗಿಸುತ್ತದೆ. ಆದರೆ ನಾಲ್ಕನೆಯದಿದ್ದವರೆಲ್ಲರಿಗೂ ರೋಗ ಬರುವುದಿಲ್ಲ, ಇಲ್ಲದವರಿಗೂ ಬರುವುದುಂಟು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅಲಕ್ಷಿಸಿದ ಕಿವುಡುತನ ಇವುಗಳ ಪಾಲೂ ಇದೆ; ಇವು ನಮ್ಮ ಕೈಯೊಳಗಿನವು.

ಸಂಬಂಧ ನೋಡುವಾಗ 'ಆ ಮನೆಯ ಅಜ್ಜನಿಗೆ ಮರೆವಿನ ರೋಗವಿತ್ತಂತೆ' ಎಂದು ಹಿಂಜರಿಯುವವರಿದ್ದಾರೆ. ಎಂಬತ್ತರ ಅಜ್ಜನ ಮರೆವಿಗಾಗಿ ಮೊಮ್ಮಗಳ ಮದುವೆಯನ್ನು ತಡೆಯುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ತಲೆಮಾರಿನಿಂದ ತಲೆಮಾರಿಗೆ ಐವತ್ತರ ಆಸುಪಾಸಿನಲ್ಲಿಯೇ ಹೀಗಾಗುತ್ತಿದ್ದರೆ ಮಾತ್ರ ಆ ಮನೆಯವರು ಮುಚ್ಚಿಡದೆ ನರರೋಗತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಪಾಸಣೆಯುಂಟು.