ಮಂಗಳೂರಿನ ಕಾಗದ, ಬಾಗ್ದಾದಿನ ಹೆಸರು

ಜನವರಿ ಕಳೆದರೆ ಕೊಡಗಿನ ಸಂಪಾಜೆಯ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊಯ್ದ ಒಳ್ಳೆಮೆಣಸು ಟಾರ್ಪಾಲಿನ ಮೇಲೆ ಹರಡಿರುತ್ತದೆ. ಹಸಿರು ಕಾಳು ಬಿಸಿಲಿಗೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಹಲ್ಲಿಗೆ ಸಿಕ್ಕಿದಾಗ ಟಿಕ್ಕೆಂದರೆ ಮಾತ್ರ ಮೂಟೆ ಕಟ್ಟು ಎನ್ನುತ್ತಿದ್ದರು ಅಪ್ಪ. ಆ ಮೂಟೆ ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಅದೇ ಮಂಗಳೂರಿನಲ್ಲಿ ಮೆಣಸು, ಏಲಕ್ಕಿ, ಅಡಿಕೆ ಕೊಂಡು ಹಡಗಿಗೇರಿಸುತ್ತಿದ್ದ ಯಹೂದಿಯೊಬ್ಬನಿದ್ದ ಎಂದು ಓದಿದಂದಿನಿಂದ ಅವನು ನನಗೆ ಪರದೇಶಿ ಅನ್ನಿಸಿಲ್ಲ.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಊರು ಟುನೀಶಿಯಾದ ಮಹ್ದಿಯಾ. ಮಂಗಳೂರಿನಲ್ಲಿ ಕಂಚಿನ ಪಾತ್ರೆಯ ಕಾರ್ಖಾನೆ ನಡೆಸುತ್ತಿದ್ದ. ವ್ಯಾಪಾರಕ್ಕೆ ಅವನ ಬಲಗೈಯಾಗಿದ್ದ ಆಳಿನ ಹೆಸರು ಬೊಮ್ಮ!

1132ರ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಮಹಾಸಮುದ್ರದ ದಂಡೆಯ ಮಂಗಳೂರು ಎಂದು ಅದರಲ್ಲಿ ಜಾಗ ನಮೂದಾಗಿದೆ. ಆಗ ಇಲ್ಲಿ ಆಳುತ್ತಿದ್ದವರು ಆಳುಪರು. ಪತ್ರದಲ್ಲಿ ಅಧಿಕಾರಕ್ಕಾಗಿ ಹೇಳಿರುವ ಹೆಸರು ಮಾತ್ರ ದಾನಿಯೇಲನದು, ಬಾಗ್ದಾದಿನಲ್ಲಿದ್ದ 'ದೇಶಭ್ರಷ್ಟರ ಮುಖ್ಯಸ್ಥ'ನದು. ದಾವೀದ ರಾಜನ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಈ ಮುಖ್ಯಸ್ಥರಿಗೆ ಸೈನ್ಯವಿರಲಿಲ್ಲ, ಆಳುವ ರಾಜ್ಯವೂ ಇರಲಿಲ್ಲ.

ಕೊಡಗಿನವರಿಗೆ ಇಂಥ ಅಧಿಕಾರ ಹೊಸದಲ್ಲ. ಊರ ದೇವರ ಹಬ್ಬಕ್ಕೆ ಕಟ್ಟು ಬಿದ್ದ ಮೇಲೆ ಹಸಿ ಮರಕ್ಕೆ ಯಾರೂ ಕತ್ತಿ ಹಾಕುವುದಿಲ್ಲ. ಊರಿನ ಮುಖ್ಯಸ್ಥರಾದ ತಕ್ಕರು ಪೊಲೀಸರನ್ನು ಕರೆಸಬೇಕಾಗಿಲ್ಲ. ಆದರೆ ತಕ್ಕರಿಗೆ ಒಂದು ಊರಿದೆ, ದೇವರಕಾಡಿದೆ. ಯಹೂದಿಗಳು ಅದನ್ನೂ ಕಳೆದುಕೊಂಡಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದಾಗ ಬಲಿ ನಿಂತಿತು, ಪುರೋಹಿತರ ಕೆಲಸವೂ ಮುಗಿಯಿತು. ಆಗ ಯೋಹಾನಾನ್ ಬೆನ್ ಝಕ್ಕಾಯ್ ಯಾವ್ನೆ ಎಂಬ ಊರಿನಲ್ಲಿ ಪಾಠಶಾಲೆ ಹಿಡಿದು ಕುಳಿತ. ಅಲ್ಲಿಂದ ಮುಂದೆ ಶಾಸ್ತ್ರ ಬಲ್ಲ ಗುರುವೇ, ಅಂದರೆ ರಬ್ಬಿಯೇ, ನಾಯಕನಾದ. ಸುಮಾರು 200ರ ಹೊತ್ತಿಗೆ ಯೆಹೂದಾ ಹನಾಸಿ ಬಾಯಿಪಾಠದ ನಿಯಮಗಳನ್ನು 'ಮಿಷ್ನಾ' ಆಗಿ ಒಟ್ಟುಮಾಡಿದ. ಮುಂದೆ ಬ್ಯಾಬಿಲೋನಿನ ಸೂರಾ, ಪುಂಬೆದಿತಾ ವಿದ್ಯಾಪೀಠಗಳ ಗುರುಗಳಿಗೆ ದೂರದೂರದಿಂದ ಪ್ರಶ್ನೆಗಳು ಬರುತ್ತಿದ್ದವು, ಉತ್ತರ ಕಾಗದದಲ್ಲಿ ಹೋಗುತ್ತಿತ್ತು.

ಬೆನ್ ಯಿಜುವಿಗೆ ಹತ್ತಿರದ ದೊಡ್ಡವನು ಏಡನ್‌ನ ಮದ್ಮೂನ್. ಯೆಮೆನಿನ ಯಹೂದಿಗಳಿಗೆ 'ನಗೀದ್' ಅಂದರೆ ಮುಖಂಡ, ವ್ಯಾಪಾರಿಗಳಿಗೆ ಪ್ರತಿನಿಧಿ, ಎರಡೂ ಅವನೇ. ಮೆಣಸಿನ ದರ ತಿಳಿಸುವ ಓಲೆಯ ಜೊತೆ ಅವನು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದ. ನನ್ನನ್ನು ಹೆಚ್ಚು ಕಾಡುವುದು ಆ ಕಾಗದ. ಓದುಬರಹದ ಮೇಲೆ ನಿಂತ ಧರ್ಮದವನಿಗೆ ಅದು ಅಕ್ಕಿಯಷ್ಟೇ ಅಗತ್ಯ.

ನಮ್ಮ ಕಡಲು ಇನ್ನೂ ದೊಡ್ಡ ನಾಯಕನೊಬ್ಬನ ಬದುಕನ್ನೂ ತಿರುಗಿಸಿತು. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ ಕೈರೋದ ಪಕ್ಕದ ಫುಸ್ತಾತ್‌ನಲ್ಲಿ ನೆಲೆಸಿದ ಮೈಮೊನಿಡಿಸ್ (1138–1204) ಈಜಿಪ್ಟಿನ ಯಹೂದಿಗಳ ಮುಖಂಡನಾದವನು. ಅವನು ನಿಶ್ಚಿಂತೆಯಿಂದ ಓದಲೆಂದು ತಮ್ಮ ದಾವೀದ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಭಾರತಕ್ಕೆ ಹೊರಟ ದಾವೀದ ಹಿಂದೂ ಮಹಾಸಾಗರದಲ್ಲಿ ಮುಳುಗಿದ. ಹಡಗು ಹತ್ತುವ ಮುನ್ನ ಕೆಂಪು ಸಮುದ್ರದ ಐಧಾಬ್‌ನಿಂದ ಅವನು ಬರೆದ ಕಾಗದ ಇಂದಿಗೂ ಉಳಿದಿದೆ. ಸುದ್ದಿ ಕೇಳಿ ಅಣ್ಣ ವರ್ಷದಷ್ಟು ಕಾಲ ಹಾಸಿಗೆ ಹಿಡಿದ. ಧರ್ಮಪಾಠ ಹೇಳಿ ಹೊಟ್ಟೆ ಹೊರೆಯುವುದು ತಪ್ಪು ಎಂದು ನಿಯಮ ಬರೆದವನು ಅವನು. ವೈದ್ಯನಾಗಿ ದುಡಿದೇ ಬದುಕಿದ. ಇಷ್ಟು ಗಟ್ಟಿ ಮಾತು ಆಡಿ ಅದರಂತೆ ನಡೆದವರ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ.

ಈ ವ್ಯಾಪಾರಿಗಳ ಬದುಕು ನಮಗೆ ತಿಳಿದದ್ದು ಒಂದು ಸಂಪ್ರದಾಯದಿಂದ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ಫುಸ್ತಾತ್‌ನ ಬೆನ್ ಎಝ್ರಾ ಪ್ರಾರ್ಥನಾಮಂದಿರದ ಕೋಣೆಯೊಂದಕ್ಕೆ ಶತಮಾನಗಳ ಕಾಲ ಹಳೆಯ ಕಾಗದ ಹಾಕುತ್ತ ಬಂದರು. ಅಂಗಡಿ ಲೆಕ್ಕವೂ ಅದರಲ್ಲಿ ಸೇರಿತು. 1896–97ರಲ್ಲಿ ಸಾಲಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಎಸ್. ಡಿ. ಗೋಯ್ಟೈನ್ ಅಂಥ ಚೂರುಗಳಿಂದಲೇ ಭಾರತದೊಡನೆ ವ್ಯವಹರಿಸಿದ ವ್ಯಾಪಾರಿಗಳನ್ನು ಹೊರತೆಗೆದರು. ಆಶುವಿನ ಬಿಡುಗಡೆ ಪತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

ಆ ಪತ್ರದಲ್ಲಿ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರಿದೆ. ಆಶೀರ್ವಾದ ಎಂದು ಅರ್ಥ. ಬೆನ್ ಯಿಜುವಿನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. 1149ರಲ್ಲಿ ಅವನು ಮಕ್ಕಳೊಡನೆ ಏಡನ್‌ಗೆ ಮರಳಿದ. ಮೆಣಸಿನ ತೂಕ, ಕಂಚಿನ ತೂಕ, ಸಕ್ಕರೆಯ ಲೆಕ್ಕ ಎಲ್ಲ ಆ ಕಾಗದಗಳಲ್ಲಿದೆ. ಆಶು ಹಡಗು ಹತ್ತಿದಳೆಂಬ ಸಾಲು ಎಲ್ಲೂ ಇಲ್ಲ.