ಗಾಯದ ತಪ್ಪಲ ಮತ್ತು ಅಚ್ಚು ಹಾಕಿದ ಪಟ್ಟಿ

ಹೋದ ತೊಗರಿ ರಾಶಿ ಕಾಲಕ್ಕೆ ನನ್ನ ತಮ್ಮ ಹತ್ತು ದಿನ ಶಾಲೆಗೆ ಬರಲಿಲ್ಲ. ಯಾಕೆ ಅಂತ ಬಹಳ ಮಂದಿ ಕೇಳಿದ್ದೀರಿ. ನಾನು ಬರೆಯುವ ವಿಷಯ ಅಲ್ಲಿಂದಲೇ ಶುರು ಆಗ್ತದ.

ಹೊಲದಾಗ ಓಡುವಾಗ ತೊಗರಿ ಕೂಳಿ ಚುಚ್ಚಿ ಅವನ ಹಿಮ್ಮಡಿ ಹತ್ತಿರ ಚರ್ಮ ಹರಿಯಿತು. ನಮ್ಮ ಆಯಿ ಬದುವಿನ ಮೇಲಿನ ಗಾಯದ ತಪ್ಪಲ ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿ, ಹಳೇ ಧೋತರದ ಚಿಂದಿ ಕಟ್ಟಿದಳು. ರಕ್ತ ನಿಂತಿತು. ಆದರೆ ಮೂರನೇ ದಿನ ಕಾಲು ಬಾತು ಕೀವು ಆಯ್ತು, ಜ್ವರ ಬಂತು. ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು ಒಳಗಿನ ಮಣ್ಣು ತೆಗೆದರು, ಧನುರ್ವಾಯು ಸೂಜಿ ಹಾಕಿದರು. "ಈ ಕಸ ಯಾಕ ಕಟ್ಟೀರಿ?" ಅಂತ ಆಯಿಗೆ ಬೈದರು. ಅವತ್ತು ರಾತ್ರಿ ಆಯಿ ಉಣ್ಣಲಿಲ್ಲ. "ನಿಮ್ಮಪ್ಪನ ಗಾಯನೂ ಇದರಿಂದೇ ಮಾಯ್ದದ" ಅಂದಳು.

ಆಯಿ ಹೇಳಿದ್ದು ಖರೆನೋ, ಡಾಕ್ಟರು ಹೇಳಿದ್ದು ಖರೆನೋ? ನಾನು ವಿಜ್ಞಾನದ ಸರ್‌ಗೆ ಕೇಳಿದೆ.

ಮೊದಲು ಗಿಡದ ಬಗ್ಗೆ. ಮಾಣಿಕನಗರದಿಂದ ಹುಮನಾಬಾದಿಗೆ ನಡೆದು ಹೋಗುವಾಗ ರಸ್ತೆ ಬದಿ ನೋಡಿರಿ. ಉದ್ದ ದೇಟಿನ ತುದಿಗೆ ಒಂದೇ ಸಣ್ಣ ಹೂ, ನಡುವೆ ಹಳದಿ, ಸುತ್ತ ನಾಲ್ಕೈದು ಬಿಳಿ ಎಸಳು. ಎಲೆಯ ಅಂಚಿಗೆ ಹಲ್ಲು, ಮೈಮೇಲೆ ಒರಟು ಕೂದಲು. ಇದರ ಶಾಸ್ತ್ರೀಯ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಕೆಲವು ಕಡೆ ಗಬ್ಬು ಶಾವಂತಿ ಅಂತಾರೆ. ಇದು ನಮ್ಮ ದೇಶದ ಗಿಡವೇ ಅಲ್ಲ, ಅಮೆರಿಕ ಖಂಡದಿಂದ ಬಂದದ್ದು! ನಮ್ಮ ದೇಶದ ಸಂಶೋಧಕರು 1982ರಷ್ಟು ಹಿಂದೆಯೇ ಇದರ ರಸವನ್ನು ಇಲಿಗಳ ಗಾಯದ ಮೇಲೆ ಪರೀಕ್ಷೆ ಮಾಡಿ ಬರೆದಿದ್ದಾರೆ. ಅಂದರೆ ಆಯಿಯ ಮಾತಿನಲ್ಲಿ ಏನೋ ಇದೆ.

ಸರ್ ಉತ್ತರ ಹೇಳುವ ಬದಲು ಒಂದು ಕೆಲಸ ಹಚ್ಚಿದರು. ಶಾಲೆಯ ಬೋರ್‌ವೆಲ್ ಹತ್ತಿರದಿಂದ 50 ಗ್ರಾಂ ಎಲೆ, ರಸ್ತೆ ಬದಿಯಿಂದ 50 ಗ್ರಾಂ ಎಲೆ ತಂದು ಬೇರೆ ಬೇರೆ ಕಲಬತ್ತಿನಲ್ಲಿ ಕುಟ್ಟಿ, ಬಿಳಿ ಅರಿವೆಯಲ್ಲಿ ಹಿಂಡಿದೆವು. ಬೋರ್‌ವೆಲ್ ಹತ್ತಿರದ್ದು ಎರಡು ಚಮಚ ರಸ ಕೊಟ್ಟಿತು. ರಸ್ತೆ ಬದಿಯದ್ದು ಅರ್ಧ ಚಮಚವೂ ಇಲ್ಲ, ಮೇಲಾಗಿ ಅರಿವೆ ತುಂಬಾ ಮಣ್ಣು. ಆ ಮಣ್ಣು, ಸಗಣಿಯಲ್ಲೇ ಧನುರ್ವಾಯು ರೋಗಾಣು ಇರ್ತದ ಅಂತ ಸರ್ ಹೇಳಿದಾಗ ನನಗೆ ತಮ್ಮನ ಕಾಲು ನೆನಪಾಗಿ ಮೈ ಜುಂ ಅಂದಿತು. ಎಲೆ ಅದೇ, ಆದರೆ ಔಷಧ ಎಷ್ಟು ಹೋಯಿತು, ಅದರ ಜೊತೆ ಮತ್ತೇನು ಹೋಯಿತು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಇದಕ್ಕೇ ವಿಜ್ಞಾನಿಗಳು ಈಗ ಗಿಡದ ರಸ ಸೇರಿಸಿ ಪಟ್ಟಿಯನ್ನು ಯಂತ್ರದಿಂದ ಅಚ್ಚು ಹಾಕುವ ಪ್ರಯೋಗ ಮಾಡುತ್ತಿದ್ದಾರೆ. ಅಚ್ಚು ಅಂದರೆ ಪುಸ್ತಕದ ಅಚ್ಚು ಅಲ್ಲ. ದತ್ತ ಜಯಂತಿಗೆ ನಮ್ಮೂರ ಜಾತ್ರೆಯಲ್ಲಿ ಜಿಲೇಬಿ ಹಾಕುವವರನ್ನು ನೆನೆಸಿಕೊಳ್ಳಿರಿ. ತೂತಿನ ಅರಿವೆಯಲ್ಲಿ ಹಿಟ್ಟು ತುಂಬಿ, ಹಿಚುಕುತ್ತಾ ಕೈ ತಿರುವಿದ ಹಾಗೆ ಎಳೆ ಬೀಳ್ತದ, ಎಣ್ಣೆಗೆ ಬಿದ್ದ ಕೂಡಲೇ ಗಟ್ಟಿ ಆಗ್ತದ. ಇಲ್ಲಿ ಅರಿವೆಯ ಬದಲು ಸಿರಿಂಜು. ಹಿಟ್ಟಿನ ಬದಲು ಆಲ್ಜಿನೇಟ್ ಎಂಬ ಅಂಟು, ಇದನ್ನು ಸಮುದ್ರದ ಕಂದು ಪಾಚಿಯಿಂದ ತೆಗೀತಾರೆ. ಅದಕ್ಕೆ ಸೋಸಿ, ಅಳೆದ ಗಿಡದ ಸಾರ ಬೆರೆಸ್ತಾರೆ. ಎಣ್ಣೆಯ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು, ಅದು ತಾಗಿದರೆ ಅಂಟು ಗಟ್ಟಿಯಾಗ್ತದ. ಕೈ ತಿರುವೋದು ಮಾತ್ರ ಕಂಪ್ಯೂಟರು. ಎಳೆಯ ಮೇಲೆ ಎಳೆ ಇಟ್ಟು ಜಾಳಿಗೆಯಂಥ ಪಟ್ಟಿ ಆಗ್ತದ. ಗಾಯ ಉದ್ದ ಇದ್ದರೆ ಪಟ್ಟಿ ಉದ್ದ, ದುಂಡಗಿದ್ದರೆ ದುಂಡಗೆ, ಮತ್ತು ಎಲ್ಲ ಕಡೆ ಔಷಧ ಒಂದೇ ಸಮ.

ಈ ಪಟ್ಟಿ ಹಸಿ ಹಸಿಯಾಗಿ ಇರ್ತದ. ಅಯ್ಯೋ, ಗಾಯ ಒಣಗಬೇಕಲ್ಲ ಅಂತ ನಾನೂ ಅಂದೆ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬುವರು ಹಂದಿಗಳ ಗಾಯದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ನೋಡಿದರು. ಬಯಲಿಗೆ ಬಿಟ್ಟ ಗಾಯಕ್ಕಿಂತ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಒಣ ಹಕ್ಕಳೆ ಕಟ್ಟಿದರೆ ಹೊಸ ಚರ್ಮ ಅದರ ಕೆಳಗೆ ದಾರಿ ಹುಡುಕಬೇಕಾಗ್ತದ. ಆದರೆ ಮೊದಲು ಗಾಯ ಸ್ವಚ್ಛ ಇರಬೇಕು.

ಅರಿಶಿಣ ಹಾಕಿಯೂ ಇಂಥ ಪಟ್ಟಿ ಮಾಡಿ ನೋಡಿದ್ದಾರೆ. ಅದರ ಹಳದಿ ಅಂಶ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ, ಬೆಳಕಿಗೆ ಕೆಡ್ತದ, ಅದೇ ತೊಂದರೆ. ಅರಿಶಿಣದ ಇನ್ನೊಂದು ಕಥೆ ಕೇಳಿರಿ. ಅರಿಶಿಣದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕ ದೇಶ ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ಕೊಟ್ಟುಬಿಟ್ಟಿತ್ತು! ನಮ್ಮ ದೇಶದ ಸಿ.ಎಸ್.ಐ.ಆರ್. ಸಂಸ್ಥೆ ತಕರಾರು ಹಾಕಿತು. ಆಗ ಅದರ ಮುಖ್ಯಸ್ಥರು ಡಾ. ಆರ್. ಎ. ಮಾಶೇಲ್ಕರ್. ಎಲ್ಲರ ಅಜ್ಜಿಯರಿಗೂ ಗೊತ್ತು ಅಂದರೆ ಸಾಲದು, ಬರೆದದ್ದು ತೋರಿಸಬೇಕು. ಹಳೇ ಗ್ರಂಥಗಳು, 1953ರಲ್ಲಿ ಭಾರತೀಯ ವೈದ್ಯ ಪತ್ರಿಕೆಯಲ್ಲಿ ಬಂದ ಲೇಖನ ಎಲ್ಲ ತೋರಿಸಿದ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು.

ಅಚ್ಚು ಹಾಕಿದ ಗಿಡದ ಪಟ್ಟಿ ಇನ್ನೂ ಬಹುಪಾಲು ಪ್ರಯೋಗಶಾಲೆಯಲ್ಲೇ ಇದೆ, ನಮಗೆ ಅಂಗಡಿಯಲ್ಲಿ ಸಿಗೋದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಗಾಯ ಆದರೆ ಮೊದಲು ಸಾಬೂನು, ಹರಿಯುವ ನೀರು, ಒಗೆದ ಅರಿವೆ. ಆಳ ಇದ್ದರೆ ದವಾಖಾನೆ.

ಆಯಿಗೆ ಇದೆಲ್ಲ ಓದಿ ಹೇಳಿದೆ. ಜಿಲೇಬಿ ಮಾತಿಗೆ ನಕ್ಕಳು. ಆಮೇಲೆ, "ಎಲಿ ಹೆಂಗ ಗುರ್ತು ಹಿಡಿಬೇಕು ಬರದೀಯೇನು?" ಅಂತ ಕೇಳಿದಳು. ಒಂದು ಒಣಗಿದ ಎಲೆ ಕೊಟ್ಟಾಳ, ಈ ಹಾಳೆಯ ಮೂಲೆಗೆ ಅಂಟಿಸೀನಿ. ದಯವಿಟ್ಟು ಯಾರೂ ಕೀಳಬ್ಯಾಡ್ರಿ.